ಮುತ್ಯಾನ ಇಂಜಿನ್ನು, ಕಬ್ಬಿನ ಸೀಜನ್ನು: ಓದುಗರ ಸ್ಪಂದನ

ಹೋದ ಸಲ ಮುಧೋಳ ಕಡೆಯ ಓದುಗರೊಬ್ಬರು ಬರೆದಿದ್ದ ಸಮಸ್ಯೆ ಇದು:

"ನಮ್ಮ ಮುತ್ಯಾಂದು ಒಂದು ಹಳೆ ಡಿಸೇಲ್ ಇಂಜಿನ್ ಐತ್ರಿ, ಎರಡು ದೊಡ್ಡ ಚಕ್ರದ್ದು. ಪ್ಲೇಟಿನ ಮ್ಯಾಲ 650 ಅನ್ನೂದೊಂದ ಕಾಣತೈತಿ, ಉಳಿದದ್ದೆಲ್ಲಾ ಸವದೈತಿ. ಘಟಪ್ರಭಾ ದಂಡಿ ಮ್ಯಾಲ ಪಂಪ್ ಎಳೀತಿತ್ತು, ಕರೆಂಟ್ ಬಂದ ಮ್ಯಾಲ ಶೆಡ್ಡಿನ್ಯಾಗ ಕುಂತಿತು. 2019ರ ಆಗಸ್ಟ್ ಮಹಾಪೂರದಾಗ ಮೂರು ದಿನ ನೀರಾಗ ಮುಳುಗಿತ್ತು. ಎರಡು ವರ್ಷದ ಹಿಂದ ಹುರುಪಿನ್ಯಾಗ ಮ್ಯಾಲಿನ ಮುಚ್ಚಳ, ಹೆಡ್, ಬಿಚ್ಚಿದೆ, ಬಿಚ್ಚಿದ್ದೆಲ್ಲಾ ಯೂರಿಯಾ ಚೀಲದಾಗ ತುಂಬಿದೆ, ಅಲ್ಲಿಗೇ ನಿಂತೈತಿ. ಒಂಬತ್ತು ಎಕರೆ ಕಬ್ಬು, ಐದು ಎಮ್ಮಿ, ಕಟಾವಿನ ಗ್ಯಾಂಗ್ ಬಂದ್ರಂತೂ ಊಟಕ್ಕೂ ಟೈಮ್ ಇರಂಗಿಲ್ಲ. ಅಪ್ಪ ಗುಜರಿಗೆ ಹಾಕು ಅಂತಾನ, ಮನಿಯಾಕಿ ಮೊದಲ ಆ ಚೀಲ ಎತ್ರಿ ಅಂತಾಳ. ನನಗ ಅದನ್ನ ಒಮ್ಮೆರೆ ನಡಸಬೇಕಂತ ಆಸೆ. ಏನ್ ಮಾಡ್ಲಿ?"

ಬಂದ ಉತ್ತರಗಳಲ್ಲಿ ಕೆಲವು ಇಲ್ಲಿವೆ.

ಜಮಖಂಡಿಯಿಂದ ಒಬ್ಬ ಮಿಸ್ತ್ರಿ

ತಮ್ಮಾ, ಎಲ್ಲಾಕಿಂತ ಮೊದಲ ಒಂದು ಮಾತು, ಹುರುಪಿಲೆ ಹ್ಯಾಂಡಲ್ ಹಾಕಿ ತಿರುವಾಕ ಹೋಗಬ್ಯಾಡ. ಹೊಳಿ ನೀರಾಗ ಮುಳುಗಿದ ಇಂಜಿನ್ ಐತಿ ಅದು, ತಳದಾಗ ರಾಡಿ ಕುಂತಿರತೈತಿ. ಆ ನಮೂನಿ ಇಂಜಿನ್ನಿನ್ಯಾಗ ಕನೆಕ್ಟಿಂಗ್ ರಾಡಿನ ತುದಿಗೆ ಚಮಚಾದಂಥಾದ್ದೊಂದು ಇರತೈತಿ, ಅದು ತಿರಗಿದಂಗೆಲ್ಲಾ ತಳದಾಗಿನ ಆಯಿಲ್ ಎತ್ತಿ ಎತ್ತಿ ಬಡೀತೈತಿ, ಆಯಿಲ್ ಬದ್ಲಿ ರಾಡಿ ಇತ್ತಂದ್ರ ಅದನ್ನ ಎತ್ತಿ ಬಿಯರಿಂಗಿಗೆ ತಿನ್ನಸತೈತಿ. ಬಾಜೂಕ ಒಂದು ಬಾಗಲಾ ಇರತೈತಿ ನೋಡು, ಬೋಲ್ಟ್ ಬಿಚ್ಚಿ ಕೈ ಹಾಕಿದ್ರ ತಳಾನ ಸಿಗತೈತಿ. ಎಲ್ಲಾ ಗೋರಿ ತಗದು ಡಿಸೇಲ್ ಹಾಕಿ ತೊಳಿ, ಒಮ್ಮೆ ಅಲ್ಲ, ಮೂರ್ನಾಕು ಸಲ, ಬಿಳೇ ಅರಿವಿಲೆ ಒರಸಿದ್ರ ಮಣ್ಣು ಹತ್ತಬಾರದು ಅಲ್ಲೀತನಕ.

ಆಮ್ಯಾಲ ಟೇಪ್ ಹಿಡದು ಬೋರ್, ಅಂದ್ರ ಪಿಸ್ಟನ್ ಆಡೂ ಕೊಳವಿ ಬಾಯಿ, ಅಳಿ. ನಾಕೂವರೆ ಇಂಚು ಬಂತಂದ್ರ, ಸ್ಟ್ರೋಕ್, ಅಂದ್ರ ಪಿಸ್ಟನ್ ಏರಿ ಇಳಿಯೂ ದೂರ, ಐದೂವರೆ ಇದ್ರ, ಅದು ಲಿಸ್ಟರ್ ನಮೂನಿ ಆರು ಹಾರ್ಸ್ ಪವರಿಂದು. ಮೂಲ ಇಂಗ್ಲೆಂಡಿಂದು, ಅದೇ ನಮೂನಿ ಗುಜರಾತಿನ ರಾಜಕೋಟದಾಗೂ ಬಾಳ ಮಾಡ್ಯಾರ, ಅದಕ್ಕ ಸಾಮಾನಿನ ಚಿಂತಿ ಅಷ್ಟಿಲ್ಲ. ಪಿಸ್ಟನ್, ರಿಂಗ್, ಗ್ಯಾಸ್ಕೆಟ್, ಡಿಸೇಲ್ ಚಿಮ್ಮಸೂ ನೋಜಲ್ ಎಲ್ಲಾ ಹೊಸಾವು ಸಿಗತಾವು. ಆದ್ರ ಇಂಗ್ಲೆಂಡಿಂದಕ್ಕ ರಾಜಕೋಟದ್ದು ಹಂಗೇ ಕೂಡತೈತಿ ಅಂತ ನಂಬಬ್ಯಾಡ, ಹಳೇದು ಕೈಯಾಗ ಹಿಡಕೊಂಡು ಅಂಗಡಿಗೆ ಹೋಗು.

ಎರಡು ವರ್ಷ ಬಾಯಿ ತೆರದ ಇಟ್ಟಿ ಅಂದ್ರ ಬೋರ್ ತುಂಬ ಕೆಂಪು ತುಕ್ಕು ಬಂದಿರತೈತಿ. ಪಿಸ್ಟನ್ ಮ್ಯಾಲಿನ ತುಕ್ಕು ಮೊದಲ ಸಣ್ಣ ಪಾಲಿಶ್ ಪೇಪರಿಲೆ ತಗಿ, ಒರಸು, ಆಮ್ಯಾಲ ಡಿಸೇಲು ಇಂಜಿನ್ ಆಯಿಲ್ಲು ಕೂಡಿಸಿ ಎರಡು ಬಟ್ಟು ನಿಲ್ಲೂಹಂಗ ಸುರು, ಮ್ಯಾಲ ಹಲಗಿ ಮುಚ್ಚು, ಮರತು ಬಿಡು. ವಾರಕ್ಕೊಮ್ಮೆ ಚಕ್ರಕ್ಕ ಕೈ ಹಚ್ಚಿ ಹಿಂದ ಮುಂದ ಅಲ್ಲಾಡಸು. ತಿಂಗಳು ಹಿಡೀಬಹುದು, ಎರಡು ಹಿಡೀಬಹುದು. ಬೇಕಾದ್ರ ಪಿಸ್ಟನ್ ಮ್ಯಾಲ ಕಟಗಿ ತುಂಡು ಇಟ್ಟು ಮೆತ್ತಗ ಬಡಿ, ಕಬ್ಬಿಣದ ಸುತಗಿ ಮುಟ್ಟಬ್ಯಾಡ. ನನ್ನ ಹತ್ರ ಬಂದ ಇಂಥಾವರಾಗ ಅರ್ಧಕ್ಕರ್ಧ ತುಕ್ಕಿಲೆ ಹಾಳಾಗಿದ್ದಿಲ್ಲ, ಸುತಗಿ ಪೆಟ್ಟಿಲೆ ಹಾಳಾಗಿದ್ವು. ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳಸೂದಂತೂ ಬ್ಯಾಡೇ ಬ್ಯಾಡ. ಚಕ್ರ ಕಳಚಾಕೂ ಹೋಗಬ್ಯಾಡ, ಚಕ್ರಾನ ದಂಡಕ್ಕ ಬಿಗಿಯೂ ಆ ಗಿಬ್ ಚಾವಿ ಹೊಂಟ್ರ ಹೊಂಟಿತು ಇಲ್ಲಂದ್ರ ಒಂದು ದಿನ ಪೂರ್ತಿ ತಿಂತೈತಿ. ಆದ್ರ ಸಡಲ ಆಗೈತೇನು ಅಂತ ಬಡದು ನೋಡು, ಸಡಲಿದ್ದ ಚಾವಿ ಮ್ಯಾಲ ಇಂಜಿನ್ ಚಾಲೂ ಮಾಡಬಾರದು.

ಹಳೆ ಹೆಡ್ ಗ್ಯಾಸ್ಕೆಟ್ಟಿನ್ಯಾಗ ಆಸ್ಬೆಸ್ಟಾಸ್ ಇರಬಹುದು, ಅದರ ಧೂಳು ಪುಪ್ಪುಸ ಕೆಡಸತೈತಿ. ಒಣಗಿದ್ದನ್ನ ಕೆರೀಬ್ಯಾಡ, ನೀರು ಹಾಕಿ ಹಸಿ ಮಾಡಿ ತಗಿ, ಮೂಗಿಗೆ ಮಾಸ್ಕ್ ಹಾಕ್ಕೊ.

ಅಥಣಿಯಿಂದ ಒಬ್ಬ ಓದುಗರು

ಅಣ್ಣಾರ, ನಾ ನಿಮ್ಮ ಮನಿಯಾಕಿ ಪರವಾಗಿ ಬರಿಯಾಕತ್ತೀನಿ. ನಮ್ಮ ಮನಿಯವರೂ ಹಿಂಗೇ ಮಾವನವರ ಕಾಲದ ಶೇಂಗಾ ಒಡಿಯೂ ಮಷಿನ್ ಬಿಚ್ಚಿ ಪಡಸಾಲ್ಯಾಗ ಹರವಿದ್ರು, ಒಂದು ದೀಪಾವಳಿ ಹೋತು, ಇನ್ನೊಂದು ದೀಪಾವಳಿ ಬಂತು, ಸಾಮಾನು ಅಲ್ಲೇ. ಬೈದು ಬೈದು ಸಾಕಾಗಿ ಕಡೀಕ ನಾನ ಕುಂತೆ. ಉಪ್ಪಿನಕಾಯಿ ಪ್ಲಾಸ್ಟಿಕ್ ಡಬ್ಬಿ ಇರತಾವಲ್ಲ, ಅವು ಹದಿನಾರು ತೊಳದು ಒಣಗಿಸಿ, ಎಲ್ಲೆಲ್ಲಿಂದು ಬೋಲ್ಟು ಅಂತ ಅವರನ್ನ ಕೇಳಿ ಕೇಳಿ ಚೀಟಿ ಹಚ್ಚಿದೆ, "ಎಡಗಡೆ ಮ್ಯಾಲಿಂದು", "ಜರಡಿ ಕೆಳಗಿಂದು", ಹಿಂಗ. ದೊಡ್ಡ ಸಾಮಾನಿಗೆ ಹಳೆ ಸೀರಿ ಅಂಚು ಹರದು ಕಟ್ಟಿದೆ, ಅದರ ಮ್ಯಾಲ ಮಾರ್ಕರ್ ಪೆನ್ನಿಲೆ ಬರದೆ. ಎರಡು ಮಧ್ಯಾಹ್ನದ ಕೆಲಸ ಅಷ್ಟ. ಅವರಿಗೆ ಆಗ ಗೊತ್ತಾತು, ನಾಕು ಬೋಲ್ಟು ಒಂದು ಬುಶ್ಶು ಇಲ್ಲೇ ಇಲ್ಲ ಅಂತ. ಇಲ್ಲದ್ದು ಏನಂತ ಗೊತ್ತಾದ ಮ್ಯಾಲ ಕೆಲಸ ತಾನ ಸಾಗತು ನೋಡ್ರಿ, ಅಲ್ಲೀತನಕ ಆ ರಾಶಿ ಕಂಡ್ರ ಅವರಿಗೇ ಅಂಜಿಕಿ ಬರತಿತ್ತು ಅಂತ ನನಗ ಅನಸತೈತಿ.

ಯೂರಿಯಾ ಚೀಲದಾಗಿಂದು ಮಾತ್ರ ಇವತ್ತ ತಗೀರಿ. ಯೂರಿಯಾ ಪುಡಿ ಹಸಿ ಹೀರಿಕೊಂಡು ಕಬ್ಬಿಣ ತಿಂತೈತಿ.

ಇನ್ನೊಂದು, ಪಟ್ಟಾ ಹಾಕಿ ನಡಸೂದಿದ್ರ ಸುತ್ತ ಜಾಳಗಿ ಕಟ್ರಿ. ನನ್ನ ಸೆರಗು ಒಮ್ಮೆ ಪಟ್ಟಾದಾಗ ಹೋಗಿತ್ತು, ಹೊಸಾ ಸೀರಿ ಅಲ್ಲ, ಹಳೇದು, ಬಟ್ಟಿ ಜೀರ್ಣ ಆಗಿತ್ತು ಅಂತ ಹರದು ನಾ ಉಳದೆ. ಹೊಸಾದಿದ್ರ ಈ ಉತ್ತರ ಬರಿಯಾಕ ನಾ ಇರತಿದ್ದಿಲ್ಲ.

ಇಂಡಿ ತಾಲೂಕಿನಿಂದ, ನಿಂಬಿ ಬೆಳೆಯುವವರು

ಟೈಮ್ ಇಲ್ಲ ಅಂತೀರಿ, ಅದಕ್ಕ ನಾ ಮಾಡಿದ್ದು ಹೇಳ್ತೀನಿ. ನಮ್ಮ ಕಡಿ ಸೋಮವಾರ ಎತ್ತು ಹೂಡಂಗಿಲ್ಲ, ಅಮಾಸಿಗಿ ಹೊಲದ ಕೆಲಸ ಇಲ್ಲ, ಆಳೂ ಬರಂಗಿಲ್ಲ. ನಿಮ್ಮ ಕಡಿನೂ ಹಂಗೇ ಇರಬೇಕು. ನಮ್ಮ ಅಜ್ಜನ ಬಿ-275 ಟ್ರ್ಯಾಕ್ಟರ್ ಅದ, ಅದನ್ನ ನಾ ಬರೇ ಅಮಾಸಿ ಅಮಾಸಿಗಿ ಮಾಡೀನಿ. ಒಂದು ಅಮಾಸಿಗಿ ಒಂದ ಕೆಲಸ. ಒಂದು ಅಮಾಸಿ ಡಿಸೇಲ್ ಟಾಕಿ ತೊಳಿಯೂದು, ಅದ ಆತು ಅಂದ್ರ ಮುಂಜಾನಿ ಹತ್ತಕ್ಕ ಮುಗದ್ರೂ ಇನ್ನೊಂದು ನಟ್ಟಿಗಿ ಕೈ ಹಚ್ಚಂಗಿಲ್ಲ. ಯಾಕಂದ್ರ ಎರಡನೇದು ಬಿಚ್ಚಿದ್ರ ಅದು ಅರ್ಧ ಆಗತದ, ನಾಳಿ ಬೆಳಿಗ್ಗೆ ನಿಂಬಿ ಹರಿಯೂ ಮಂದಿ ಬರತದ, ಆ ಅರ್ಧ ಬಿಚ್ಚಿದ್ದು ಆರು ತಿಂಗಳು ಹಂಗೇ ಬೀಳತದ. ನಿಮಗ ಆಗಿದ್ದು ಇದ ಅಲ್ಲೇನ್ರಿ?

ಹದಿನೇಳು ಅಮಾಸಿ ಹಿಡೀತು. ನಡುವ ಎಳ್ಳ ಅಮಾಸಿ ಬಂದಾಗ ಕೈಯಾಗ ಪಾನಾ ಹಿಡದು ನಿಂತಿದ್ದೆ, ನಮ್ಮವ್ವ ಚರಗ ಚೆಲ್ಲಾಕ ಹೊಂಟಾಕಿ ಬುಟ್ಟಿ ಕೆಳಗಿಟ್ಟು ನೋಡಿದ ನೋಟಕ್ಕ ಪಾನಾ ಒಗದು ಹಿಂದಿಂದ ಹೋದೆ, ಅದೊಂದು ಲೆಕ್ಕಕ್ಕಿಲ್ಲ.

ಒಂದು ನೂರು ಪೇಜಿನ ನೋಟ್‌ಬುಕ್ ಇಡ್ರಿ. ಬಿಡೂ ಮುಂದ ಎರಡು ಸಾಲು ಬರೀರಿ, ಇಲ್ಲೀತನಕ ಆಗ್ಯದ, ಮುಂದ ಇದು ಮಾಡಬೇಕು, ಈ ಬೋಲ್ಟ್ ಬರೇ ಕೈಲೆ ಹಾಕೀನಿ ಬಿಗಿ ಮಾಡಿಲ್ಲ. ನಾ ಒಮ್ಮೆ ಬರಿಲಿಲ್ಲ. ರೇಡಿಯೇಟರ್ ಪೈಪಿನ ಕ್ಲಿಪ್ ಬಿಗಿ ಮಾಡೀನಿ ಅಂತ ತಿಳದು ಚಾಲೂ ಮಾಡಿದೆ, ಮಾರಿ ಮ್ಯಾಲ ಬಿಸಿನೀರು. ಇನ್ನೂ ಗಲ್ಲದ ಮ್ಯಾಲ ಕಲೆ ಅದ.

ಸಿಂದಗಿಯಿಂದ

ಎಲ್ಲಾರೂ ಮಾಡ್ರಿ ಮಾಡ್ರಿ ಅಂತಾರ, ನಾ ಬ್ಯಾರೆ ಹೇಳ್ತೀನಿ. ನಾ ನಮ್ಮಜ್ಜಂದು ಮಾರೀನಿ, ನನಗೇನೂ ಹಳಹಳಿ ಇಲ್ಲ. ಆರು ಹಾರ್ಸ್ ಪವರ್ ಇಂಜಿನ್ ಪೂರ್ತಿ ಲೋಡಿನ್ಯಾಗ ತಾಸಿಗಿ ಒಂದೂಕಾಲು ಒಂದೂವರೆ ಲೀಟರ್ ಡಿಸೇಲ್ ಕುಡೀತದ, ಇವತ್ತಿನ ರೇಟಿನಾಗ ನೀರು ಎತ್ತೋದು ಕನಸಿನ ಮಾತು. ನಡಸಾಕ ಅಲ್ಲ, ನೋಡಾಕ ಅಂತಿದ್ರ ಸರಿ, ಆದ್ರ ನೋಡಾಕಂತ ಇಟ್ಟಿದ್ದು ಸಾಲ ಮಾಡಿ ರಿಪೇರಿ ಮಾಡೂ ಚಟಾ ಆಗಬಾರದು. ಮೊದಲ ಇಷ್ಟ ರೊಕ್ಕ ಅಂತ ಗೆರಿ ಹಾಕ್ರಿ, ಮನ್ಯಾಗ ಎಲ್ಲಾರ ಮುಂದ ಹೇಳ್ರಿ, ಅದು ದಾಟಿದ್ರ ನಿಲ್ಲಸ್ರಿ. ಮಾರಿದ್ರೂ ಗುಜರಿಗಿ ಕಿಲೋ ಲೆಕ್ಕದಾಗ ಮಾರಬ್ಯಾಡ್ರಿ. ಮುನ್ನೂರು ಕಿಲೋ ಮ್ಯಾಲ ತೂಗತದ, ಗುಜರಿಯವ ಕಣ್ಣಳತಿ ಮ್ಯಾಲ ಎರಡುನೂರು ಅಂತಾನ. ಹಳೆ ಇಂಜಿನ್ ಹುಚ್ಚಿರೋರು ಹುಡುಕಿಕೊಂಡು ಬಂದು ಒಯ್ತಾರ, ಅವರಿಗಿ ಕೊಡ್ರಿ.

ಬೆಳಗಾವಿಯಿಂದ, ನಿವೃತ್ತ ಲೇತ್ ಆಪರೇಟರ್

ನಮಸ್ಕಾರ. ನಾನು ಇಲ್ಲಿನ ಕಾರ್ಖಾನೆಗಳ ಜಾಗ ಉದ್ಯಮಬಾಗದಲ್ಲಿ ಮೂವತ್ನಾಲ್ಕು ವರ್ಷ ಲೇತ್ ಮೇಲೆ ನಿಂತವನು. ಉತ್ತರ ಕರ್ನಾಟಕದಾಗ ಹಳೆ ಇಂಜಿನ್ ಕಂಡ್ರೆ ಎಲ್ಲರೂ "ಕಿರ್ಲೋಸ್ಕರ್" ಅಂದುಬಿಡತಾರೆ, ನಿಮ್ಮ ಅಪ್ಪನೂ ಹಂಗೇ ಅಂತಿರಬೇಕು. ಕಿರ್ಲೋಸ್ಕರ್ ಕಂಪನಿಯ ಎವಿ1 ಅನ್ನೋ ಇಂಜಿನ್ ಐದು ಹಾರ್ಸ್ ಪವರ್, ಮಿನಿಟಿಗೆ 1500 ಸುತ್ತು, ನಿಮ್ಮ ಪ್ಲೇಟಿನ 650 ಅದಕ್ಕೆ ಹೊಂದೋದಿಲ್ಲ. ಆದರೂ ಆ ಹೆಸರು ಸುಮ್ಮನೆ ಬಾಯಿಗೆ ಬಂದದ್ದಲ್ಲ. ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು 1869ರಲ್ಲಿ ನಮ್ಮ ಜಿಲ್ಲೆಯ ಗುರ್ಲಹೊಸೂರಿನಲ್ಲಿ, 1888ರಲ್ಲಿ ಇದೇ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟರು, ಮೇವು ಕತ್ತರಿಸೋ ಮಷಿನ್ ಮಾಡಿದರು, 1903ರಲ್ಲಿ ಕಬ್ಬಿಣದ ರಂಟೆ. ಕಬ್ಬಿಣ ಹಾಯಿಸಿದ್ರೆ ಭೂಮಿಗೆ ವಿಷ ಅಂತ ರೈತರು ಮೊದಲು ಮುಟ್ಟಲೇ ಇಲ್ಲವಂತೆ. 1910ಕ್ಕೆ ಈಗಿನ ಮಹಾರಾಷ್ಟ್ರದ ಕಿರ್ಲೋಸ್ಕರವಾಡಿಗೆ ಹೋದರು. ಇರಲಿ, ವಿಷಯಕ್ಕೆ ಬರತೀನಿ, ವಯಸ್ಸಾದವರಿಗೆ ಮಾತು ಜಾಸ್ತಿ.

ಬೋರ್ ಸವೆದಿದ್ದರೆ, ತಿರುಗೋ ದಂಡ ಕ್ರ್ಯಾಂಕಿಗೆ ಗೆರೆ ಬಿದ್ದಿದ್ದರೆ ದೂರ ಹೋಗಬೇಕಿಲ್ಲ, ಉದ್ಯಮಬಾಗದಾಗೂ ಆಗತದೆ, ಕೊಲ್ಲಾಪುರದ ಉದ್ಯಮನಗರದಾಗೂ ಆಗತದೆ. ಆದರೆ ಅಳತೆ ತಗೋಳ್ಳದೆ "ಎಲ್ಲಾ ಹೊಸದು ಹಾಕಿಬಿಡ್ರಿ" ಅನ್ನಬ್ಯಾಡ್ರಿ. ತುಕ್ಕು ಒರೆಸಿದ ಮೇಲೆ ಬೋರ್ ಬರೇ ಚುಕ್ಕಿ ಚುಕ್ಕಿ ಇದ್ದರೆ, ಹೊಸ ರಿಂಗ್ ಹಾಕಿದರೆ, ಸ್ವಲ್ಪ ಹೊಗೆ ಬಿಟ್ಟುಕೊಂಡು ಅದು ಓಡತದೆ. ದಸರಾದ ದಿನ ಹತ್ತು ಮಿನಿಟು ನಡೆಸೋ ಇಂಜಿನ್ನಿಗೆ ಅಷ್ಟು ಸಾಕು.

ಬಣ್ಣ ಕಡೇಗೆ. ಬಹಳ ಜನ ಮೊದಲು ಬಣ್ಣ ಹಚ್ಚಿ ಫೋಟೋ ತೆಗೀತಾರೆ, ಒಳಗೆ ಪಿಸ್ಟನ್ ಹಂಗೇ ಹಿಡಿದಿರತದೆ. ಪ್ಲೇಟಿನ ಮೇಲೆ ಬಣ್ಣ ಹಚ್ಚಬ್ಯಾಡ್ರಿ, ಪಾಲಿಶ್ ಪೇಪರ್ ಮುಟ್ಟಿಸಬ್ಯಾಡ್ರಿ, ಸೋಪಿನ ನೀರಿನ ಬಟ್ಟೆಯಿಂದ ಒರೆಸಿ ಸಂಜೆ ಓರೆ ಬಿಸಿಲಿಗೆ ಹಿಡಿದು ನೋಡ್ರಿ, ಸವೆದ ಅಕ್ಷರ ಎದ್ದು ಕಾಣತಾವೆ.

ಬೀಳಗಿ ತಾಲೂಕಿನಿಂದ

ನಮ್ಮೂರು ಆಲಮಟ್ಟಿ ಹಿನ್ನೀರಾಗ ಹೋತ್ರಿ. ಮನಿ ಬಾಗಲಾ ಕಿಡಕಿ ಎಲ್ಲಾ ಕಿತಗೊಂಡು ಬಂದ್ವಿ, ತೊಲಿ ಸುದ್ದಾ ತಂದ್ವಿ, ಅಜ್ಜನ ಇಂಜಿನ್ ಮಾತ್ರ ತೂಕ ಬಾಳ ಅಂತ ಬಾವಿ ಕಟ್ಟಿ ಮ್ಯಾಲ ಬಿಟ್ವಿ, ಟ್ರಿಪ್ಪಿನ ರೊಕ್ಕ ಉಳದ್ವು. ಬ್ಯಾಸಗ್ಯಾಗ ನೀರು ಇಳದಾಗ ಚಕ್ರದ ಅಂಚು ಕಾಣತಿತ್ತು ಅಂತ ನಮ್ಮ ಕಾಕಾ ಹೇಳತಿದ್ದ. ನಡೀಲಿ ಬಿಡಲಿ, ನಿಮ್ಮದು ಮನ್ಯಾಗರೆ ಐತಿ.

ಮತ್ತ ಜಮಖಂಡಿ ಮಿಸ್ತ್ರಿ

ಒಂದೆರಡು ಬಿಟ್ಟಿದ್ದೆ. ಚಾಲೂ ಮಾಡೂ ಮುಂಚೆ ಸ್ಪೀಡ್ ಹತೋಟ್ಯಾಗ ಇಡೂ ಗವರ್ನರ್ ನೋಡು. ಡಿಸೇಲ್ ಹೆಚ್ಚು ಕಡಿಮಿ ಮಾಡೂ ಪಂಪಿನ ರ್‍ಯಾಕ್ ತುಕ್ಕು ಹಿಡದು ಪೂರ್ತಿ ತೆರದಲ್ಲೇ ಸಿಕ್ಕೊಂಡಿತ್ತಂದ್ರ ಇಂಜಿನ್ ಏರತೈತಿ ಏರತೈತಿ ನಿಲ್ಲಂಗಿಲ್ಲ, ಆ ಚಕ್ರ ಒಡದ್ರ ಶೆಡ್ಡಿನ ಗ್ವಾಡಿ ತಡಿಯಂಗಿಲ್ಲ. ರ್‍ಯಾಕ್ ಕೈ ಬಟ್ಟಿಲೆ ದೂಡಿದ್ರ ಸಲೀಸ ಹೋಗಿ ಬರಬೇಕು. ಮೊದಲ ಸಲ ಚಾಲೂ ಮಾಡುವಾಗ ಒಬ್ಬಂವ ಕೈಯಾಗ ಹಲಗಿ ಹಿಡದು ಗಾಳಿ ಎಳಿಯೂ ಬಾಯಿ ಹಂತ್ಯಾಕ ನಿಂತಿರಲಿ, ಕೈ ತಪ್ಪಿದ್ರ ಹಲಗಿ ಬಡದು ಗಾಳಿ ಮುಚ್ಚಬೇಕು.

ನೋಜಲ್ ಹೊರಗ ತಗದು ಪಿಚಕಾರಿ ನೋಡುವಾಗ ಕೈ ಒಡ್ಡಬ್ಯಾಡ, ಡಿಸೇಲ್ ಚರ್ಮ ತೂರಿ ಒಳಗ ಹೋಗತೈತಿ, ಸಣ್ಣ ಚುಕ್ಕಿ ಕಂಡ್ರೂ ದವಾಖಾನಿಗೆ ಓಡಬೇಕು.

ಹ್ಯಾಂಡಲ್ ಹಿಡಿಯೂದು ಮುತ್ಯಾ ಕಲಿಸಿರಬೇಕು, ಹೆಬ್ಬಟ್ಟು ಉಳದ ಬಟ್ಟಿನ ಬಾಜೂಕ ಇರಬೇಕು, ಹ್ಯಾಂಡಲ್ ಸುತ್ತ ಹೊಳ್ಳಸಬಾರದು. ಹಿಂದಕ್ಕ ಒದ್ದಿತಂದ್ರ ಹೆಬ್ಬಟ್ಟು ಮುರೀತೈತಿ, ನಂದು ಮುರದೈತಿ. ವಾಲ್ ಎತ್ತೂ ಲಿವರ್ ಎತ್ತಿ ಹಿಡಿ, ಚಕ್ರಕ್ಕ ಜೋರ್ ಬಂದ ಮ್ಯಾಲ ಬಿಡು. ಹೆಡ್ಡಿನ ಬಾಜೂಕ ಸಣ್ಣ ತಿರುಗೂ ಚಕ್ರ ಇದ್ರ ಚಾಲೂ ಮಾಡುವಾಗ ಒಳಗ ತಿರುವಿ ಮುಚ್ಚು, ಕಂಪ್ರೆಶನ್, ಅಂದ್ರ ಒಳಗಿನ ಗಾಳಿ ಒತ್ತಡ, ಹೆಚ್ಚಾಗತೈತಿ. ಒಮ್ಮೆ ಹತ್ತಿತಂದ್ರ ಮಿನಿಟಿಗೆ 650 ಸುತ್ತು, ಎರಡು ಸುತ್ತಿಗೊಮ್ಮೆ ಅಂದ್ರ 325 ಸಲ ಬಡೀತೈತಿ, ಎಣಸಾಕ ಆಗಂಗಿಲ್ಲ ಆದ್ರ ಕಿವಿ ಒಂದೊಂದು ಬಡತಾ ಬ್ಯಾರೆ ಬ್ಯಾರೆ ಕೇಳತೈತಿ, ಈಗಿನ ಇಂಜಿನ್ನಿಗೆ ಅದು ಇಲ್ಲ.

ಸಮಸ್ಯೆ ಕಳಿಸಿದವರಿಂದ

ಎಲ್ಲಾರಿಗೂ ಶರಣ್ರಿ. ಅಥಣಿ ಅಕ್ಕಾರು ಬರದಿದ್ದು ನಮ್ಮಾಕಿಗೆ ಓದಿ ಹೇಳೀನಿ, ಅದು ನಾ ಮಾಡಿದ ತಪ್ಪು, ಈಗ ಎರಡು ಹೊತ್ತೂ ಅದ ಮಾತು. ಚೀಲ ಬಿಚ್ಚಿದ್ವಿ. ಒಂದರಾಗ ಇಲಿ ಮರಿ ಹಾಕಿತ್ತು. ಡಬ್ಬಿ ಹನ್ನೊಂದು ಆಗ್ಯಾವು, ವಾಲ್ ಸ್ಪ್ರಿಂಗ್ ಒಂದು ಇಲ್ಲ, ನೋಜಲ್ ಬಿಗಿಯೂ ಎರಡು ನಟ್ ಇಲ್ಲ.

ಹೋದ ಅಮಾಸಿಗೆ ತಳದ ಬಾಗಲಾ ತಗದೆ. ಅರ್ಧ ಬಕೀಟ ರಾಡಿ ಹೊಂಟಿತು, ಒಂದು ಸಣ್ಣ ಶಂಖದ ಹುಳದ ಚಿಪ್ಪೂ ಇತ್ತು. ಬೋರ್ ಅಳದೀನಿ, ನಾಕೂವರೆ ಇಂಚೇ. ಎರಡನೇ ಕೆಲಸಕ್ಕ ಕೈ ಹಚ್ಚಲಿಲ್ಲ, ಇಂಡಿ ಅಣ್ಣಾರ, ಬಾಳ ಕಷ್ಟ ಆತು ಸುಮ್ಮ ಕುಂದ್ರೂದು. ಬರೇ ಪಿಸ್ಟನ್ ಮ್ಯಾಲ ಡಿಸೇಲ್ ಆಯಿಲ್ ಸುರುವಿ ಹಲಗಿ ಮುಚ್ಚೀನಿ, ಅದು ಕೆಲಸ ಅಲ್ಲ ಅಂತ ಹಿಡೀರಿ.

ಪಿಸ್ಟನ್ ಇನ್ನೂ ಅಲ್ಲಾಡಿಲ್ಲ. ಅಪ್ಪ ದಿನಾ ಸಂಜಿಕ ಎಮ್ಮಿ ಹಿಂಡಿ ಬಂದು ಚಕ್ರಕ್ಕ ಒಮ್ಮೆ ಕೈ ಹಚ್ಚಿ ನೋಡಿ ಹೊಕ್ಕಾನ, ಏನೂ ಅನ್ನಂಗಿಲ್ಲ. ಮಿಸ್ತ್ರಿ ಕಾಕಾ, ಸುರುವಿದ ಆಯಿಲ್ ನಾಕು ದಿನದಾಗ ಒಂದು ಬಟ್ಟು ಇಳದೈತಿ, ಇದು ಚಲೋದೋ ಕೆಟ್ಟದ್ದೋ?