ದೊಡ್ಡಪ್ಪನ ಆಪರೇಷನ್: ಮೈ ಎಷ್ಟು ಬೆಚ್ಚಗಿರಬೇಕು?

ತೀರ್ಥಹಳ್ಳಿ ಚಿಕ್ಕಪ್ಪ: (ಫಾರ್ವರ್ಡ್) "ಆಪರೇಷನ್ ವೇಳೆ ಮೈ 37 ಡಿಗ್ರಿ ಇಲ್ಲದಿದ್ದರೆ ಹಾರ್ಟ್ ಅಟ್ಯಾಕ್! ಎಲ್ಲರಿಗೂ ಕಳಿಸಿ."
ಅಣ್ಣಯ್ಯನಿಗೆ ಮೊದಲೇ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದೆ. ಸೋಮವಾರ ಶಿವಮೊಗ್ಗದಲ್ಲಿ ಕರುಳಿನ ಆಪರೇಷನ್. ಡಾಕ್ಟರ ಹತ್ತಿರ ಯಾರಾದರೂ ಈ ವಿಷಯ ಕೇಳಿದ್ದೀರಾ?

ತಮ್ಮ: ಹೆದರಿಸುವ ಮೆಸೇಜ್ ಚಿಕ್ಕಪ್ಪ. 2022ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ 5,000ಕ್ಕೂ ಜಾಸ್ತಿ ರೋಗಿಗಳ ಅಧ್ಯಯನ ಬಂತು. 37ರಲ್ಲಿ ಇಟ್ಟವರಿಗೂ 35.5ರಲ್ಲಿ ಇಟ್ಟವರಿಗೂ ಹೃದಯದ ತೊಂದರೆಯಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಬೆಚ್ಚಗಿಡುವುದೇ ಬೇಡ.

ತೀರ್ಥಹಳ್ಳಿ ಚಿಕ್ಕಪ್ಪ: ಹಾಗಾದ್ರೆ 1997ರ ಅಧ್ಯಯನ? ಹೃದಯದ ತೊಂದರೆ ಬೆಚ್ಚಗಿದ್ದವರಲ್ಲಿ 1.4%, ತಣ್ಣಗಿದ್ದವರಲ್ಲಿ 6.3% ಅಂತ ಬರೆದಿದೆ.

ನಾನು: ಆ ಅಂಕಿ ನಿಜ ಚಿಕ್ಕಪ್ಪ. ಆದರೆ ಅದು 300 ಜನರ ಅಧ್ಯಯನ. ದೊಡ್ಡ ಅಧ್ಯಯನ ಬಂದಾಗ ಆ ಅಂತರ ನಿಲ್ಲಲಿಲ್ಲ. ಹಾಗಂತ ತಮ್ಮ ಹೇಳಿದ್ದೂ ಸರಿಯಲ್ಲ. 35.5ರ ಗುಂಪಿನವರನ್ನು ಸುಮ್ನೆ ಚಳಿಗೆ ಬಿಟ್ಟಿರಲಿಲ್ಲ. ಅದಕ್ಕಿಂತ ಕೆಳಗೆ ಇಳಿಯದಂತೆ ನೋಡಿಕೊಂಡಿದ್ದರು. "37 ಬೇಕಿಲ್ಲ" ಅನ್ನುವುದು ಬೇರೆ, "ಬೆಚ್ಚಗಿಡುವುದೇ ಬೇಡ" ಅನ್ನುವುದು ಬೇರೆ.

ತಮ್ಮ: ಒಂದೆರಡು ಡಿಗ್ರಿಗೆ ಏನಾಗುತ್ತೆ ಅಕ್ಕ?

ನಾನು: ನಾನು ಆಪರೇಷನ್ ಥಿಯೇಟರಿನಲ್ಲೇ ಕೆಲಸ ಮಾಡುವವಳು. ಅರಿವಳಿಕೆ ಕೊಟ್ಟ ಕೂಡಲೇ ಕೈಕಾಲಿನ ರಕ್ತನಾಳ ಅಗಲವಾಗುತ್ತವೆ. ಒಳಗಿನ ಬಿಸಿ ಅಲ್ಲಿಗೆ ಹರಿಯುತ್ತದೆ. ಮೊದಲ ಒಂದು ಗಂಟೆಯಲ್ಲೇ 1ರಿಂದ 1.5 ಡಿಗ್ರಿ ಇಳಿಯಬಹುದು. ಎಚ್ಚರವಾದಾಗ ನಡುಕ ಶುರುವಾಗುತ್ತದೆ, ಬಿಪಿ ಏರುತ್ತದೆ, ಮೈಗೆ ಆಕ್ಸಿಜನ್ ಜಾಸ್ತಿ ಬೇಕಾಗುತ್ತದೆ. ಸ್ಟೆಂಟ್ ಹಾಕಿದ ಹೃದಯಕ್ಕೆ ಆ ಹೊರೆ ಯಾಕೆ? ಮೈ ತೀರಾ ತಣ್ಣಗಾದರೆ ರಕ್ತವೂ ಬೇಗ ಹೆಪ್ಪುಗಟ್ಟುವುದಿಲ್ಲ.

ಸಾಗರದ ಅತ್ತೆ: ಈ ಮಳೇಲಿ ಅಣ್ಣಯ್ಯ ಮೊದಲೇ ನಡುಗ್ತಾ ಇರ್ತಾನೆ. ಕಂಬಳಿ, ಬಿಸಿನೀರಿನ ಚೀಲ ಎರಡೂ ಕಳಿಸ್ತೀನಿ.

ನಾನು: ಅತ್ತೆ, ಕಂಬಳಿ ಕಳಿಸಿ. ವಾರ್ಡಿನಲ್ಲಿ ಕಾಯುವಾಗ ಕೈಕಾಲು ಬೆಚ್ಚಗಿದ್ದರೆ ಆಮೇಲೆ ಬಿಸಿ ಇಳಿಯುವುದು ಕಡಿಮೆ. ಬಿಸಿನೀರಿನ ಚೀಲ ಮಾತ್ರ ಖಂಡಿತ ಬೇಡ. ಪ್ರಜ್ಞೆ ಇಲ್ಲದವರಿಗೆ ಸುಟ್ಟರೂ ಗೊತ್ತಾಗುವುದಿಲ್ಲ. ಥಿಯೇಟರಿನಲ್ಲಿ ಬಿಸಿಗಾಳಿ ತುಂಬುವ ಹೊದಿಕೆ ಇರುತ್ತದೆ. ಡ್ರಿಪ್ ಕೂಡ ಬೆಚ್ಚಗೆ ಮಾಡಿ ಕೊಡಬಹುದು.

ದೊಡ್ಡಪ್ಪನ ಮನೆ ಅಣ್ಣ: ನಾನು ಡಾಕ್ಟರಿಗೆ ಏನಂತ ಕೇಳಲಿ?

ನಾನು: ಅರಿವಳಿಕೆ ಡಾಕ್ಟರನ್ನೇ ಕೇಳಿ ಅಣ್ಣ. ಆಪರೇಷನ್ ಉದ್ದಕ್ಕೂ ಟೆಂಪರೇಚರ್ ನೋಡುತ್ತೀರಾ, ಬಿಸಿಗಾಳಿ ಹೊದಿಕೆ ಇದೆಯಾ ಅಂತ. ಸ್ಟೆಂಟ್ ವಿಷಯ, ತಗೊಳ್ಳುವ ಮಾತ್ರೆ ಎಲ್ಲಾ ಹೇಳಿ.

ತೀರ್ಥಹಳ್ಳಿ ಚಿಕ್ಕಪ್ಪ: ನನಗಿನ್ನೂ 37 ಇದ್ದರೇ ಸಮಾಧಾನ.

ನಾನು: 36ರ ಮೇಲಿಡಲು ನೋಡುತ್ತಾರೆ ಚಿಕ್ಕಪ್ಪ. ಆ ಮೆಸೇಜ್ ಮಾತ್ರ ಬೇರೆ ಗುಂಪಿಗೆ ಕಳಿಸಬೇಡಿ, ಆಪರೇಷನ್‌ಗೆ ಕಾದಿರುವವರು ಸುಮ್ನೆ ಹೆದರುತ್ತಾರೆ.