ಪದಚರ್ಚೆ: ನೆಸ್ಟ್ ಬಾಕ್ಸಿಗೆ ‘ಕೃತಕ ಗೂಡು’ ಎನ್ನಬಹುದೇ?

ಪ್ರಶ್ನೆ (ಉಡುಪಿಯಿಂದ):

ಮಾನ್ಯರೇ, ಹಕ್ಕಿಗಳು ಬಂದು ಮರಿ ಮಾಡಲಿ ಎಂದು ಹಿತ್ತಲಲ್ಲಿ, ಜಗಲಿಯಲ್ಲಿ ಇಡುವ ಮರದ ಪೆಟ್ಟಿಗೆಗೆ ಕನ್ನಡದಲ್ಲಿ ಏನೆನ್ನುವುದು? ‘ಕೃತಕ ಗೂಡು’, ‘ಹಕ್ಕಿಗೂಡು’, ‘ಗೂಡುಪೆಟ್ಟಿಗೆ’ ಮೂರನ್ನೂ ಕಂಡಿದ್ದೇನೆ. ಬಡಗಿಯ ಕೈಗೆ ಕೊಡುವ ಒಂದು ಮಾಹಿತಿಪತ್ರಕ್ಕೆ ಬೇಕು. ‘ಗೂಡಿನ ತಳ’ ಎಂದರೆ ಹಲಗೆಯ ತಳವೋ, ಹಕ್ಕಿ ತಂದಿಟ್ಟ ಹುಲ್ಲಿನ ತಳವೋ ಗೊತ್ತಾಗುವುದಿಲ್ಲ. ಇನ್ನೊಂದು: ಗೂಡಿನೊಳಗಿನ ಮರಿಗೂ ಹೊರಬಿದ್ದ ಮರಿಗೂ ಬೇರೆ ಬೇರೆ ಪದ ಉಂಟೇ?

ಉತ್ತರ (ಮಂಗಳೂರಿನಿಂದ):

‘ಕೃತಕ ಗೂಡು’ ಬೇಡ. ಗೂಡು ಕಟ್ಟುವುದು ಹಕ್ಕಿ. ನಾವು ಒದಗಿಸುವುದು ಪೊಟರೆಯನ್ನು. ಹಂಚಿನ ಮನೆಯಲ್ಲಿ ಹಂಚು ಹೊರುವ ಮರದ ಪಕ್ಕಾಸು, ರೀಪುಗಳ ಸಂದಿನಲ್ಲಿ ಗುಬ್ಬಿಗೆ ಸಿಗುತ್ತಿದ್ದದ್ದೂ ಅದೇ. ತಾರಸಿ ಮನೆಯಲ್ಲಿ ಆ ಸಂದು ಇಲ್ಲ, ಅದಕ್ಕೇ ಪೆಟ್ಟಿಗೆ.

ತೊಡಕು ಇರುವುದು ‘ಗೂಡು’ ಎಂಬಲ್ಲೇ. ಜೀವಿ ತಾನೇ ಕಟ್ಟಿದ್ದೂ ಗೂಡು, ಮನುಷ್ಯ ಅದಕ್ಕೆ ಮಾಡಿಕೊಟ್ಟದ್ದೂ ಗೂಡು: ರೇಷ್ಮೆಗೂಡು ಹುಳದ್ದು, ಕೋಳಿಗೂಡು ನಮ್ಮದು. ಹಕ್ಕಿಯೇ ಇಲ್ಲದ ಗೂಡುಗಳೂ ಉಂಟು: ಗೂಡಂಗಡಿ, ಎದೆಗೂಡು, ದೀಪಾವಳಿಗೆ ಇಲ್ಲಿ ಮನೆಮನೆಯಲ್ಲೂ ತೂಗುವ ಗೂಡುದೀಪ. ಒಟ್ಟಿನಲ್ಲಿ ಒಂದನ್ನು ಒಳಗಿಟ್ಟು ಸುತ್ತುವರಿದದ್ದೆಲ್ಲ ಗೂಡು. ತಮಿಳಿನ ‘ಕೂಡು’ ಪಂಜರಕ್ಕೂ ಸಲ್ಲುತ್ತದೆ. ಹಾಗಾಗಿ ‘ಹಕ್ಕಿಗೂಡು’ ತಪ್ಪಲ್ಲ, ಆದರೆ ಕೋಳಿಗೂಡಿನ ಹಾಗೆ ಹಕ್ಕಿಯನ್ನು ಹಿಡಿದು ಕೂಡಿಹಾಕುವ ಧ್ವನಿಯೂ ಅದರಲ್ಲಿ ಇದೆ. ಕಾಡುಹಕ್ಕಿಯ ಮಟ್ಟಿಗೆ ಅದು ಬೇಡ.

ನನ್ನ ಮತ ‘ಗೂಡುಪೆಟ್ಟಿಗೆ’ಗೆ. ಗೂಡುದೀಪ ಎಂದರೆ ಗೂಡಿನೊಳಗಿನ ದೀಪ, ಹಾಗಾದರೆ ಇದು ಗೂಡಿನೊಳಗಿನ ಪೆಟ್ಟಿಗೆ ಆಗುವುದಿಲ್ಲವೇ ಎಂದು ಯಾರಾದರೂ ಕೇಳಿಯಾರು. ಸುಳ್ಯ, ಪುತ್ತೂರಿನ ಜೇನುಪೆಟ್ಟಿಗೆಯನ್ನು ನೆನೆಯಿರಿ: ಜೇನಿಗಾಗಿ ಪೆಟ್ಟಿಗೆ, ಗೂಡಿಗಾಗಿ ಪೆಟ್ಟಿಗೆ. ಹೋಲಿಕೆ ಅಲ್ಲಿಗೇ ನಿಲ್ಲುವುದಿಲ್ಲ. ಪೊಟರೆಯಲ್ಲಿ ಇರುವ ತುಡುವೆ ಜೇನು ಪೆಟ್ಟಿಗೆಗೆ ಒಗ್ಗುತ್ತದೆ, ಬಯಲಲ್ಲೇ ಎರಿ ಕಟ್ಟುವ ಹೆಜ್ಜೇನು ಒಗ್ಗುವುದಿಲ್ಲ. ಹಕ್ಕಿಗಳಲ್ಲೂ ಗುಬ್ಬಿ, ಮಡಿವಾಳ, ಗೊರವಂಕ ಬರುತ್ತವೆ. ಎಲೆ ಹೊಲಿಯುವ ಟುವ್ವಿ, ಗೂಡನ್ನು ನೇತುಹಾಕುವ ಸೂರಕ್ಕಿ, ಬಟ್ಟಲಿನಂತೆ ಕಟ್ಟುವ ಪಿಕಳಾರ ಎಷ್ಟು ವರ್ಷ ಕಾದರೂ ಬಾರವು. ‘ಎಲ್ಲ ಹಕ್ಕಿಗಳಿಗೂ’ ಎಂದು ಚೀಟಿ ಅಂಟಿಸಿ ಮಾರುವುದು ಶುದ್ಧ ಸುಳ್ಳು.

ಬಡಗಿಯ ಪತ್ರದಲ್ಲಿ ನಿಜವಾಗಿ ಎಡವಟ್ಟು ಮಾಡುವುದು ‘ಒಟ್ಟೆ’, ಅಂದರೆ ರಂಧ್ರ. ನಮ್ಮಲ್ಲಿ ದೊಡ್ಡದೂ ಒಟ್ಟೆ, ಸಣ್ಣದೂ ಒಟ್ಟೆ. ಹಕ್ಕಿ ಹೋಗಿಬರುವುದಕ್ಕೆ ‘ಬಾಯಿ’ ಎನ್ನಿ, ನೀರು ಬಸಿಯುವುದಕ್ಕೆ ‘ತೂತು’. ಗುಬ್ಬಿಗೆ ಬಾಯಿಯ ಅಡ್ಡಳತೆ 32 ಮಿ.ಮೀ., ತಳದಿಂದ ಬಾಯಿಗೆ ಕಡಿಮೆಯೆಂದರೆ 12 ಸೆಂ.ಮೀ. ಎತ್ತರ, ಅದಕ್ಕಿಂತ ತಗ್ಗಾದರೆ ಬೆಕ್ಕಿನ ಕೈ ಮರಿಗೆ ಎಟಕುತ್ತದೆ. ಮಡಿವಾಳಕ್ಕೆ ಬಾಯಿ 5 ಸೆಂ.ಮೀ.ಗಿಂತ ದೊಡ್ಡದು ಬೇಕು, ಅಷ್ಟು ತೆರೆದರೆ ಗೊರವಂಕವೂ ನುಗ್ಗೀತು. ತಳದ ನಾಲ್ಕು ಮೂಲೆಗೆ 6 ಮಿ.ಮೀ. ತೂತು. ಬಾಯಿಯ ಕೆಳಗೆ ಕೂರುವ ಕೋಲು ಇಡಬೇಡಿ. ಗುಬ್ಬಿಗೆ ಅದು ಬೇಕಿಲ್ಲ, ಕಾಗೆಗೆ ಅನುಕೂಲ.

ಮುಚ್ಚಳಕ್ಕೆ, ಮನೆಯ ಚಾವಣಿಗೆ ನಾವು ಹೇಳುವ ‘ಮಾಡು’ ಚೆನ್ನಾಗಿ ಹೊಂದುತ್ತದೆ. ‘ಮಾಡು ಮುಂದಕ್ಕೆ 5 ಸೆಂ.ಮೀ. ಚಾಚಿರಲಿ’ ಎಂದು ಬರೆದರೆ ಇಲ್ಲಿನ ಬಡಗಿಗೆ ತಕ್ಷಣ ತಿಳಿಯುತ್ತದೆ. ಧಾರವಾಡದವರು ಏನನ್ನು ಮಾಡಬೇಕೆಂದು ಹುಡುಕಿಯಾರು, ಅವರಿಗೆ ಬೇರೆ ಪತ್ರ ಅಚ್ಚು ಹಾಕಿಸಿ. ಮಳೆಗಾಳಿ ಪಡುವಣದಿಂದ ಬೀಸುವುದರಿಂದ ಬಾಯಿ ಮೂಡಣಕ್ಕೋ ಬಡಗಣಕ್ಕೋ ಇರಬೇಕು. ಪ್ಲೈವುಡ್ ಆದರೆ ನಮ್ಮ ಮಳೆಗೆ ಪದರ ಬಿಡುತ್ತದೆ. ಒಳಮೈಗೆ ವಾರ್ನಿಶ್ ಬೇಡ, ಉಜ್ಜಿ ನುಣುಪು ಮಾಡುವುದೂ ಬೇಡ. ಮರಿಗೆ ಬಾಯಿಯವರೆಗೆ ಹತ್ತಲು ಉಗುರಿಗೆ ಹಿಡಿತ ಬೇಕು.

ಇನ್ನು ಮರಿಯ ವಿಚಾರ. ಎರಡಕ್ಕೂ ಬಳಕೆಯಲ್ಲಿ ಇರುವುದು ‘ಮರಿ’ ಒಂದೇ, ಆದರೆ ಇಲ್ಲಿ ಬೇರ್ಪಡಿಸಲೇಬೇಕು. ‘ಗೂಡುಮರಿ’ ಎಂದರೆ ಮೈ ಬೋಳು, ಅಥವಾ ಗರಿಗಳು ಇನ್ನೂ ಕಡ್ಡಿಯಂತೆ ಇರುವುದು. ಕೆಳಗೆ ಬಿದ್ದಿದ್ದರೆ ಎತ್ತಿ ಪೆಟ್ಟಿಗೆಯೊಳಗೆ ಇಡಬಹುದು. ಮನುಷ್ಯ ಮುಟ್ಟಿದರೆ ತಾಯಿ ಬಿಡುತ್ತದೆ ಎಂಬುದು ಬರೀ ನಂಬಿಕೆ. ‘ಗೂಡುಬಿಟ್ಟ ಮರಿ’ ಎಂದರೆ ಮೈತುಂಬ ಗರಿ, ಮೋಟು ಬಾಲ, ಕೊಕ್ಕಿನ ಅಂಚು ಹಳದಿ. ಅದು ಬಿದ್ದದ್ದಲ್ಲ, ಹೊರಟದ್ದು. ತಂದೆತಾಯಿ ಹತ್ತಿರವೇ ಇದ್ದು ಉಣಿಸುತ್ತಿರುತ್ತವೆ. ಹಿಡಿದು ರಟ್ಟಿನ ಡಬ್ಬಿಯಲ್ಲಿ ಹಾಕುವುದು ಉಪಕಾರವಲ್ಲ. ಬೆಕ್ಕು ಸುಳಿಯುವ ಜಾಗವಾದರೆ ಹತ್ತಿರದ ಕೊಂಬೆಗೆ ಏರಿಸಿದರೆ ಸಾಕು.

‘ಗೂಡು ಬಿಡು’ ಎಂಬುದರ ಕರ್ತೃವನ್ನು ಮಾತ್ರ ಬಿಡದೆ ಬರೆಯಿರಿ. ಮರಿ ಗೂಡು ಬಿಟ್ಟಿತು ಎಂದರೆ ಶುಭ, ತಾಯಿ ಗೂಡು ಬಿಟ್ಟಿತು ಎಂದರೆ ನಷ್ಟ. ಈ ಎರಡನೆಯದನ್ನು ಜನ ಅವಸರದಲ್ಲಿ ಹೇಳಿಬಿಡುತ್ತಾರೆ. ಗುಬ್ಬಿ, ಮಡಿವಾಳ ದಿನಕ್ಕೊಂದರಂತೆ ಮೊಟ್ಟೆ ಇಡುತ್ತವೆ, ಕಾವಿಗೆ ಕೂರುವುದು ಸಾಮಾನ್ಯವಾಗಿ ಕೊನೆಯ ಮೊಟ್ಟೆಯ ಹೊತ್ತಿಗೆ. ಅಲ್ಲಿಯವರೆಗೆ ಮೊಟ್ಟೆ ತಣ್ಣಗೇ ಇರುತ್ತದೆ. ಆದ್ದರಿಂದ ‘ಮೊಟ್ಟೆ ಇಟ್ಟ ದಿನ’, ‘ಕಾವಿಗೆ ಕೂತ ದಿನ’ ಎಂದು ಪಟ್ಟಿಯಲ್ಲಿ ಎರಡು ಕಲಮು ಇರಲಿ.

ಕೊನೆಗೆ ನಿಮ್ಮ ಪತ್ರಕ್ಕೆ ಒಂದು ವಾಕ್ಯ: ‘ಮರಿಗಳು ಹಾರಿದ ಮೇಲೆ ಪೆಟ್ಟಿಗೆಯಿಂದ ಹಳೆಯ ಗೂಡನ್ನು ತೆಗೆದು ಬಿಸಾಡಿ, ಇಲ್ಲದಿದ್ದರೆ ಹೇನು, ಬೂಷ್ಟು ಉಳಿಯುತ್ತದೆ.’ ಇದನ್ನೇ ‘ಕೃತಕ ಗೂಡು’ ಇಟ್ಟುಕೊಂಡು ಬರೆದು ನೋಡಿ. ಯಾರಾದರೊಬ್ಬರು ಪೆಟ್ಟಿಗೆಯನ್ನೇ ಬಿಸಾಡುತ್ತಾರೆ.