ಸಹಾಯ ಬೇಕು: ಕೋಲ್ಡ್ ಸ್ಟೋರೇಜ್‌ಗೆ ಮೊಬೈಲ್ ಕಂಪ್ಯೂಟರೋ, ಗಟ್ಟಿ ಟ್ಯಾಬ್ಲೆಟ್ಟೋ?

ಎಲ್ಲರಿಗೂ ನಮಸ್ಕಾರ. ಬ್ಯಾಡಗಿಯ ಒಂದು ಮೆಣಸಿನಕಾಯಿ ಕೋಲ್ಡ್ ಸ್ಟೋರೇಜ್‌ನಲ್ಲಿ ದಾಸ್ತಾನಿನ ಲೆಕ್ಕ ನೋಡಿಕೊಳ್ಳುತ್ತೇನೆ. ಚೀಲಗಳಿಗೆ ಬಾರ್‌ಕೋಡ್ ಚೀಟಿ ಹಚ್ಚಲು ಶುರು ಮಾಡಿದ್ದೇವೆ; ಅದನ್ನು ಓದಲು ಮೊಬೈಲ್ ಕಂಪ್ಯೂಟರ್ (ಫೋನಿನಂತೆ ಕೈಯಲ್ಲಿ ಹಿಡಿಯುವ ಸ್ಕ್ಯಾನರ್ ಉಪಕರಣ) ಕೊಳ್ಳಬೇಕೋ, ಪೆಟ್ಟು ತಡೆಯುವ ಗಟ್ಟಿ ಟ್ಯಾಬ್ಲೆಟ್ಟೋ ಎಂಬುದೇ ತಲೆನೋವು.

ಕಳೆದ ತಿಂಗಳು ಎಂಟು ಇಂಚಿನ ಗಟ್ಟಿ ಟ್ಯಾಬ್ಲೆಟ್ ಒಂದನ್ನು ಪರೀಕ್ಷೆಗೆ ತಂದಿದ್ದೆವು. ರೈತರ ಹೆಸರು, ಲಾಟ್ ಸಂಖ್ಯೆ ಎಲ್ಲವೂ ಒಂದೇ ನೋಟಕ್ಕೆ ಕಾಣುತ್ತವೆ, ನಿಜ. ಆದರೆ ಅದು ಸ್ಕ್ಯಾನ್ ಮಾಡುವುದು ಕ್ಯಾಮೆರಾದಿಂದ. ಮಂದ ಬೆಳಕಿನಲ್ಲಿ ಅದು ತಡಕಾಡುವಷ್ಟರಲ್ಲಿ ಹಮಾಲರು ಇನ್ನೆರಡು ಚೀಲ ಇಳಿಸಿರುತ್ತಾರೆ. ಒಂದು ಕೈ ಅದಕ್ಕೇ ಮೀಸಲಾದರೆ ಏಣಿ ಹತ್ತುವುದು ಹೇಗೆ? ಹೊರಗೆ ಬಂದೊಡನೆ ಗಾಜಿನ ಮೇಲೆ ಮಂಜು ಕೂರುತ್ತದೆ, ಅದಕ್ಕೆ ಮೆಣಸಿನಕಾಯಿಯ ದೂಳು ಅಂಟುತ್ತದೆ. ಅದನ್ನು ಅಂಗೈಯಿಂದ ಒರೆಸಿದ ನಮ್ಮ ಹುಡುಗ ಅದೇ ಕೈಯಲ್ಲಿ ಕಣ್ಣುಜ್ಜಿಕೊಂಡು ಅರ್ಧ ದಿನ ಕುಳಿತ.

ಮೊಬೈಲ್ ಕಂಪ್ಯೂಟರ್‌ನಲ್ಲಿ ಸ್ಕ್ಯಾನರ್ ಒಳಗೇ ಇರುತ್ತದೆ. ಐಪಿ67 ಎಂಬ ರಕ್ಷಣಾ ದರ್ಜೆ ಇರುವುದನ್ನು ಕೊಂಡರೆ ದೂಳು, ನೀರು ಒಳಗೆ ಹೋಗುವುದಿಲ್ಲ. ಹೊರಗಾಜಿನ ಮಂಜನ್ನು ಅದೂ ತಡೆಯದು. ಗಾಜು ಬಿಸಿಯಾಗುವ ಮಾದರಿಗಳಿಗೆ ಬೆಲೆ ಜಾಸ್ತಿ.

ಒಳಗಿನವರಿಗೆ ನಾಲ್ಕು ಮೊಬೈಲ್ ಕಂಪ್ಯೂಟರ್, ತೂಕದ ಮೇಜಿಗೆ ಒಂದು ಟ್ಯಾಬ್ಲೆಟ್ ಎಂಬುದು ಸದ್ಯದ ಯೋಚನೆ. ಬಳಸಿದವರು ಹೇಳಿ: ಬಿಸಿ ಗಾಜಿನದೇ ಬೇಕೇ? ಕೈಗವಸು ಹಾಕಿದರೆ ಪರದೆ ಸ್ಪಂದಿಸುತ್ತದೆಯೇ? ಆ ತಂಪಿನಲ್ಲಿ ಬ್ಯಾಟರಿ ಒಂದು ಪಾಳಿ ಬರುತ್ತದೆಯೇ?